ಎಂಟು ಕಾಲಿನ ಇರುವೆ, ಗುಂಯ್‌ಗುಡುವ ಕುಂಬಾರ

ಮನೆಯ ಸುತ್ತಮುತ್ತ ಕಾಣುವ ಕೀಟಗಳನ್ನು ನೋಡುವುದರ ಮತ್ತು ಅವುಗಳ ಚಿತ್ರ ತೆಗೆಯುವುದರ ಕುರಿತು ಕಳೆದ ಸಂಚಿಕೆಯಲ್ಲಿ ಓದುಗರ ಪ್ರಶ್ನೆಗಳನ್ನು ಕೇಳಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಕಾಸರಗೋಡಿನ ಕಡೆಯವು. ಉತ್ತರ ಬರೆಯುತ್ತಿರುವ ನಾನೂ ಮುಳ್ಳೇರಿಯದ ಹತ್ತಿರದ ಅಡಿಕೆ ತೋಟದ ಮನೆಯವನಾದ್ದರಿಂದ ಹುಳುಗಳ ಪರಿಚಯಕ್ಕೆ ಅಷ್ಟೊಂದು ಕಷ್ಟವಾಗಲಿಲ್ಲ. ಆದರೆ ಹಲವರು ಚಿತ್ರದ ಜೊತೆಗೆ ‘ಇದು ಯಾವ ಹುಳು?’ ಎಂಬ ಒಂದೇ ಸಾಲು ಬರೆದು ಕಳುಹಿಸಿದ್ದಾರೆ. ಹುಳು ಯಾವ ಗಿಡದ ಮೇಲಿತ್ತು, ಎಷ್ಟು ಹೊತ್ತಿಗೆ ಕಂಡಿತು, ಆಗ ಏನು ಮಾಡುತ್ತಿತ್ತು ಎಂಬುದು ತಿಳಿಯದಿದ್ದರೆ ಚಿತ್ರ ಎಷ್ಟೇ ಸ್ಫುಟವಾಗಿದ್ದರೂ ಹೇಳಬಹುದಾದದ್ದು ಅರ್ಧ ಮಾತ್ರ. ಅಂಥ ಪತ್ರಗಳನ್ನು ಸದ್ಯಕ್ಕೆ ಬದಿಗಿಟ್ಟಿದ್ದೇನೆ. ಕಳುಹಿಸಿದವರು ಬೇಸರಿಸದೆ ಆ ಮೂರು ಸಂಗತಿಗಳನ್ನು ಸೇರಿಸಿ ಮತ್ತೊಮ್ಮೆ ಬರೆಯಬೇಕು.

ಪ್ರಶ್ನೆ: ನಮ್ಮ ಜಗಲಿಯ ಬಾಗಿಲಿನ ದಾರಂದದ ಮೇಲೆ ಕುಂಬಾರ ಹುಳುವೊಂದು ಮಣ್ಣಿನ ಗೂಡು ಕಟ್ಟುತ್ತಿದೆ. ಅದು ಗುಂಯ್‌ಗುಡುತ್ತ ಒಳಗಿಟ್ಟ ಹುಳುವನ್ನು ತನ್ನಂತೆಯೇ ಮಾಡಿಕೊಳ್ಳುತ್ತದೆ ಎಂದು ನಮ್ಮ ತಂದೆಯವರು ‘ಭ್ರಮರ ಕೀಟ ನ್ಯಾಯ’ವನ್ನು ವಿವರಿಸುವಾಗ ಹೇಳುತ್ತಿದ್ದರು. ಇದರಲ್ಲಿ ಸತ್ಯವಿದೆಯೆ? ಗೂಡನ್ನು ಕೆರೆದು ತೆಗೆಯಬಹುದೆ?
– ನಿವೃತ್ತ ಅಧ್ಯಾಪಕರು, ನೀರ್ಚಾಲು

ಉತ್ತರ: ಮಾಸ್ತರರೇ, ನಿಮ್ಮ ತಂದೆಯವರ ಮಾತಿನಲ್ಲಿ ನೋಟ ಸರಿಯಿದೆ, ತೀರ್ಮಾನ ತಪ್ಪಿದೆ. ಕುಂಬಾರ ಹುಳುವೆಂಬ ಈ ಕಣಜವು ಹಸಿರು ಹುಳುವೊಂದನ್ನು ಹೊತ್ತು ತಂದು ಮಣ್ಣಿನ ಗೂಡಿನೊಳಗೆ ತುರುಕುವುದನ್ನು, ಗುಂಯ್‌ಗುಡುತ್ತ ಅದರ ಬಾಯಿ ಮುಚ್ಚುವುದನ್ನು, ಕೆಲವು ವಾರಗಳ ಮೇಲೆ ಅದೇ ಗೂಡನ್ನು ಕೊರೆದುಕೊಂಡು ಇನ್ನೊಂದು ಕಣಜ ಹೊರಬರುವುದನ್ನು ಹಿಂದಿನವರು ಕಣ್ಣಾರೆ ಕಂಡಿದ್ದರು. ಮುಚ್ಚಿದ ಗೂಡಿನ ಕತ್ತಲೆಯಲ್ಲಿ ನಡೆದದ್ದು ಕಾಣದ ಕಾರಣ, ಒಳಗೆ ಹೋದ ಹುಳುವೇ ಕಣಜವಾಯಿತೆಂದು ಊಹಿಸಿದರು. ಆ ಹಸಿರು ಹುಳು ಮರಿಗಾಗಿ ಕಟ್ಟಿಟ್ಟ ಬುತ್ತಿ. ತಾಯಿಕಣಜ ಅದನ್ನು ಚುಚ್ಚಿ, ಸಾಯಿಸದೆ, ಅಲುಗಾಡದಂತೆ ಮಾಡಿ ತರುತ್ತದೆ. ಜೀವವಿರುವುದರಿಂದ ಅದು ಕೊಳೆಯುವುದಿಲ್ಲ. ಗೂಡಿನಲ್ಲಿಟ್ಟ ಮೊಟ್ಟೆಯೊಡೆದು ಬಂದ ಮರಿ ಆ ಬುತ್ತಿಯನ್ನು ತಿಂದು ಬೆಳೆದು, ಕೋಶವಾಗಿ, ರೆಕ್ಕೆ ಮೂಡಿದ ಮೇಲೆ ಮಣ್ಣನ್ನು ಕಡಿದು ಹೊರಗೆ ಬರುತ್ತದೆ.

ಗುಂಯ್‌ಗುಡುವುದಕ್ಕೂ ಕಾರಣವಿದೆ. ಹಾರಾಟದ ಸ್ನಾಯುಗಳ ಕಂಪನವನ್ನು ಬಾಯಿಗೆ ತಲುಪಿಸಿ, ಹಸಿಮಣ್ಣು ಸಡಿಲವಾಗಿ ಹರಡಿಕೊಳ್ಳುವಂತೆ ಮಾಡುವ ಉಪಾಯ ಅದು. ಟೆರೇಸಿಗೆ ಕಾಂಕ್ರೀಟು ಸುರಿಯುವ ದಿನ ಮೇಸ್ತ್ರಿಗಳು ವೈಬ್ರೇಟರ್ ಇಳಿಸುವುದನ್ನು ನೀವು ನೋಡಿರಬಹುದು. ಕುಂಬಾರ ಹುಳುವಿನದೂ ಅದೇ ಕೆಲಸ.

ನಾವು ಕುಂಬಾರ ಹುಳು ಎಂಬ ಒಂದೇ ಹೆಸರಿನಿಂದ ಕರೆಯುವವುಗಳಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಪುಟ್ಟ ಗಡಿಗೆಯಂತೆ, ಕಂಠವೂ ಬಾಯಿಯೂ ಇರುವ ಗೂಡು ಕಟ್ಟುವುದು ಒಂದು. ಅದು ಚಿಟ್ಟೆ–ಪತಂಗಗಳ ಮರಿಹುಳುಗಳನ್ನು ತುಂಬುತ್ತದೆ, ಮೊಟ್ಟೆಯನ್ನು ಮೊದಲೇ ಗೂಡಿನ ಒಳಮೈಯಿಂದ ಸಣ್ಣ ದಾರದಲ್ಲಿ ತೂಗುಬಿಡುತ್ತದೆ. ಬೆರಳಿನಷ್ಟು ದಪ್ಪದ ಕೊಳವೆಗಳನ್ನು ಪಕ್ಕಪಕ್ಕದಲ್ಲಿ ಕಟ್ಟಿ, ಕೊನೆಗೆ ಎಲ್ಲದರ ಮೇಲೂ ಮಣ್ಣು ಮೆತ್ತುವುದು ಇನ್ನೊಂದು. ದಾರದಂಥ ಸೊಂಟದ, ಕಪ್ಪು–ಹಳದಿ ಬಣ್ಣದ ಈ ಕಣಜ ತುಂಬುವುದು ಜೇಡಗಳನ್ನು ಮಾತ್ರ. ನಿಮ್ಮ ದಾರಂದದ್ದು ಎರಡನೆಯದೆಂದು ಚಿತ್ರದಿಂದ ತಿಳಿಯುತ್ತದೆ.

ಕಳೆದ ವರ್ಷ ಮಳೆ ಹಿಂದೆ ಸರಿದ ಮೇಲೆ ನನ್ನ ಮೇಜಿನ ಎದುರಿನ ಕಿಟಕಿಯ ಸರಳಿನ ಬುಡದಲ್ಲಿ ಇಂಥದೇ ಒಂದು ಗೂಡು ಆರಂಭವಾಯಿತು. ಬಟ್ಟೆ ಒಗೆಯುವ ಕಲ್ಲಿನ ಬಳಿಯ ಕೆಸರಿನಿಂದ ಅದು ಹುರುಳಿಕಾಳಿನಷ್ಟು ಉಂಡೆಯನ್ನು ದವಡೆಯಲ್ಲಿ ಕಚ್ಚಿ ತಂದು, ಎಡಬದಿಯಿಂದ ಅರೆಬಳೆಯಂತೆ ಎಳೆದು, ಮುಂದಿನ ಉಂಡೆಯನ್ನು ಬಲಬದಿಯಿಂದ ಎಳೆಯುತ್ತಿತ್ತು. ಮಣ್ಣು ಮೆತ್ತುವಾಗ ಮಾತ್ರ ಸದ್ದು. ಉಂಡೆ ಮುಗಿದ ಕೂಡಲೇ ಸದ್ದೂ ನಿಲ್ಲುತ್ತಿತ್ತು. ಒಂದು ಕೋಣೆ ಮುಗಿಯುವಷ್ಟರಲ್ಲಿ ನಾನು 28 ಉಂಡೆಗಳನ್ನು ಎಣಿಸಿದೆ. ಮರುದಿನ ಬೆಳಗಿನಿಂದ ಜೇಡಗಳು ಬರತೊಡಗಿದವು. ಹಳೆಯ ಗೂಡೊಂದು ಕೆಲಸದವರ ಕೈತಪ್ಪಿನಿಂದ ಒಡೆದಾಗ ಅದರ ಒಂದು ಕೋಣೆಯಲ್ಲಿ 11 ಜೇಡಗಳಿದ್ದವು. ಸೂಜಿಯ ಮೊನೆಯಿಂದ ಮುಟ್ಟಿದರೆ ಒಂದೆರಡರ ಕಾಲು ಸ್ವಲ್ಪವೇ ಮಿಡುಕುತ್ತಿತ್ತು. ಅದನ್ನು ನೋಡಿದ ದಿನ ನನಗೆ ಊಟ ಸೇರಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ.

ಗೂಡನ್ನು ಈಗಲೇ ಕೆರೆಯಬೇಡಿ. ಈ ಕಣಜಗಳು ಗುಂಪಾಗಿ ಮೇಲೆರಗುವ ಜಾತಿಯವಲ್ಲ, ಕೈಯಲ್ಲಿ ಹಿಡಿದರೆ ಹೊರತು ಚುಚ್ಚುವುದು ಅಪರೂಪ. ಮಣ್ಣಿನ ಮೇಲೆ ದುಂಡನೆಯ ತೂತುಗಳು ಕಾಣಿಸಿದ ಮೇಲೆ, ಅಂದರೆ ಮರಿಗಳು ಹೊರಟುಹೋದ ಮೇಲೆ, ಕರಣೆಯಿಂದ ತೆಗೆದರಾಯಿತು. ಚಿತ್ರಕ್ಕಾಗಿ ಹಾರುವ ಕಣಜವನ್ನು ಬೆನ್ನಟ್ಟುವುದು ವ್ಯರ್ಥ. ಅದು ಮತ್ತೆ ಮತ್ತೆ ಬರುವ ಜಾಗ ಗೊತ್ತಿದೆಯಲ್ಲ, ಗೂಡಿನ ಬಾಯಿಗೆ ಫೋಕಸ್ ಮಾಡಿಟ್ಟು ಒಂದೂವರೆ ಅಡಿ ದೂರದಲ್ಲಿ ಕುರ್ಚಿ ಹಾಕಿಕೊಂಡು ಕುಳಿತುಕೊಳ್ಳಿ. ನಿಮ್ಮ ಇರವು ಅದಕ್ಕೆ ರೂಢಿಯಾಗುತ್ತದೆ. ತಾಳ್ಮೆಯಿದ್ದರೆ ಇನ್ನೊಂದನ್ನೂ ಕಾಣಬಹುದು: ಹಸಿರು–ನೀಲಿಯಾಗಿ ಲೋಹದಂತೆ ಹೊಳೆಯುವ ಬೇರೊಂದು ಕಣಜ ಗೂಡಿನ ಸುತ್ತ ಸುಳಿಯುತ್ತಿದ್ದರೆ, ಅದು ಕುಂಬಾರನ ಮನೆಯಲ್ಲಿ ತನ್ನ ಮೊಟ್ಟೆಯಿಡಲು ಬಂದ ಕಳ್ಳ. ಎಷ್ಟೋ ಗೂಡುಗಳಿಂದ ಕೊನೆಗೆ ಹೊರಬರುವುದು ಅದರ ಸಂತಾನವೇ. ನ್ಯಾಯವನ್ನು ಹೇಳಿದವರು ಇದನ್ನು ಕಂಡಿದ್ದರೆ ಏನೆನ್ನುತ್ತಿದ್ದರೋ!

ಪ್ರಶ್ನೆ: ನಾನು ಅಪ್ಪನ ಮೊಬೈಲಿನಲ್ಲಿ ಮಾವಿನ ಮರದ ಚಗಳಿ ಇರುವೆಯ ಚಿತ್ರ ತೆಗೆದೆ. ದೊಡ್ಡದು ಮಾಡಿ ನೋಡಿದಾಗ ಅದಕ್ಕೆ ಎಂಟು ಕಾಲು ಕಾಣಿಸಿತು. ಚಿತ್ರ ಅಲುಗಾಡಿ ಹಾಗಾಗಿದೆ ಎಂದು ಅಣ್ಣ ಹೇಳುತ್ತಾನೆ. ನಿಜವೆ?
– 9ನೆಯ ತರಗತಿಯ ವಿದ್ಯಾರ್ಥಿನಿ, ಅಡೂರು

ಉತ್ತರ: ಅಣ್ಣನಿಗೆ ಹೇಳು ಮಗಳೇ, ಚಿತ್ರ ಅಲುಗಾಡಿಲ್ಲ. ನೀನು ತೆಗೆದದ್ದು ಇರುವೆಯ ಚಿತ್ರವಲ್ಲ. ಇರುವೆಯ ವೇಷ ಹಾಕಿದ ಜೇಡದ ಚಿತ್ರ. ಯಕ್ಷಗಾನದ ಊರಿನವಳಾದ ನಿನಗೆ ವೇಷದ ವಿಷಯ ನಾನು ಹೇಳಿಕೊಡಬೇಕಾಗಿಲ್ಲ. ಈ ಜೇಡ ನೆಗೆಯುವ ಜೇಡಗಳ ಕುಟುಂಬಕ್ಕೆ ಸೇರಿದ್ದು. ಚಗಳಿಯಂಥದೇ ಕೆಂಬಣ್ಣ, ತಲೆ–ಎದೆ ಬೇರೆಬೇರೆಯೆಂದು ತೋರುವಂತೆ ನಡುವೆ ಹಿಸುಕಿದ ಮೈ, ಇರುವೆಯ ಕಣ್ಣುಗಳೆಂದು ನಂಬಿಸುವ ಎರಡು ಕಪ್ಪು ಚುಕ್ಕೆಗಳು ಇದಕ್ಕಿವೆ. ಇರುವೆಗಿರುವ ಮೀಸೆ ಜೇಡಕ್ಕಿಲ್ಲ. ಅದಕ್ಕಾಗಿ ಮುಂದಿನ ಎರಡು ಕಾಲುಗಳನ್ನು ಮೇಲೆತ್ತಿ ಮೀಸೆಯಂತೆ ಆಡಿಸುತ್ತ ನಡೆಯುತ್ತದೆ. ಗಂಡು ಜೇಡಕ್ಕೆ ಮುಂದಕ್ಕೆ ಚಾಚಿದ ಉದ್ದನೆಯ ದವಡೆಗಳಿರುವುದರಿಂದ ಅದನ್ನು ಕಂಡರೆ ಒಂದು ಇರುವೆ ಮತ್ತೊಂದನ್ನು ಕಚ್ಚಿಕೊಂಡು ಹೋಗುತ್ತಿರುವಂತೆ ಕಾಣುತ್ತದೆ.

ಇಷ್ಟೆಲ್ಲ ವೇಷವೇಕೆ? ಚಗಳಿಯ ಕಚ್ಚು ಎಷ್ಟು ಉರಿಯೆಂದು ಮಾವಿನ ಮರ ಹತ್ತಿದ ಯಾರಿಗೂ ಗೊತ್ತು. ಹಕ್ಕಿಗಳೂ ಬೇರೆ ಬೇಟೆಗಾರ ಕೀಟಗಳೂ ಅದರ ಗೊಡವೆಗೆ ಹೋಗುವುದು ಕಡಿಮೆ. ಆ ಭಯದ ಲಾಭವನ್ನು ಜೇಡ ಪಡೆಯುತ್ತದೆ. ಆದರೆ ನಿಜವಾದ ಚಗಳಿಗಳು ಎದುರಾದರೆ ಅದು ಮೆಲ್ಲನೆ ದಾರಿ ಬಿಟ್ಟು ಸರಿಯುತ್ತದೆ. ಈ ಸರಿಯುವಿಕೆಯೇ ಗುರುತು ಹಿಡಿಯಲು ಒಳ್ಳೆಯ ಉಪಾಯ. ಇರುವೆಯಾದರೆ ಇನ್ನೊಂದನ್ನು ಮೀಸೆಯಿಂದ ಮುಟ್ಟಿ ಮಾತಾಡಿಸಿಯೇ ಮುಂದೆ ಹೋಗುತ್ತದೆ. ಹುಲ್ಲುಕಡ್ಡಿಯನ್ನು ಹತ್ತಿರ ತಂದಾಗ ಎಲೆಯ ಅಂಚಿನಿಂದ ಕೆಳಗೆ ಬಿದ್ದು ನೂಲಿನಲ್ಲಿ ನೇತಾಡಿದರೆ ಸಂಶಯವೇ ಬೇಡ. ಒಂದು ಕೆಲಸ ಮಾಡು: ಅದೇ ಮರದ ಅದೇ ಕೊಂಬೆಯಲ್ಲಿ ನಿಜವಾದ ಚಗಳಿಯ ಚಿತ್ರವನ್ನೂ ತೆಗೆದು ಎರಡನ್ನೂ ಅಕ್ಕಪಕ್ಕ ಇಟ್ಟು ಅಣ್ಣನಿಗೆ ತೋರಿಸು. ಜೇಡ ಕೀಟವಲ್ಲವಾದ್ದರಿಂದ ಈ ಅಂಕಣದಲ್ಲಿ ಅದಕ್ಕೆ ಸ್ಥಳವಿಲ್ಲವೆಂದು ಸಂಪಾದಕರು ತಕರಾರು ತೆಗೆಯಬಹುದು. ವೇಷ ಅಷ್ಟು ಚೆನ್ನಾಗಿರುವುದರಿಂದ ಒಳಗೆ ಬಿಟ್ಟಿದ್ದೇನೆ.

ಪ್ರಶ್ನೆ: ಕೀಟಗಳ ಚಿತ್ರ ತೆಗೆಯಬೇಕೆಂಬ ಆಸೆಯಿದೆ. ದುಬಾರಿ ಕ್ಯಾಮೆರಾ ಕೊಳ್ಳಲೇಬೇಕೆ? ಮೊಬೈಲಿನಲ್ಲಿ ತೆಗೆದರೆ ಎಲ್ಲವೂ ಮಸುಕಾಗುತ್ತದೆ.
– ಗೃಹಿಣಿ, ಬದಿಯಡ್ಕ

ಉತ್ತರ: ಕೊಳ್ಳಬೇಡಿ, ಕನಿಷ್ಠ ಒಂದು ವರ್ಷ. ಮಸುಕಾಗಲು ಹೆಚ್ಚಾಗಿ ಕಾರಣ ಎರಡು: ಮೊಬೈಲನ್ನು ಅದು ಫೋಕಸ್ ಮಾಡಲಾರದಷ್ಟು ಹತ್ತಿರಕ್ಕೆ ಒಯ್ಯುವುದು ಮತ್ತು ಗಾಳಿ. ಮೊದಲನೆಯದಕ್ಕೆ ಸ್ವಲ್ಪ ಹಿಂದೆ ಸರಿದು ತೆಗೆದು ಆಮೇಲೆ ಅಂಚುಗಳನ್ನು ಕತ್ತರಿಸಿಕೊಳ್ಳಿ. ಅಥವಾ ಮೊಬೈಲಿನ ಮೇಲೆ ಕ್ಲಿಪ್ಪಿನಂತೆ ಸಿಕ್ಕಿಸುವ ಮ್ಯಾಕ್ರೊ ಲೆನ್ಸ್ ತರಿಸಿಕೊಳ್ಳಿ. ಅದು ಕೆಲವೇ ನೂರು ರೂಪಾಯಿಗಳಿಗೆ ಸಿಗುತ್ತದೆ. ಆ ಲೆನ್ಸಿನಲ್ಲಿ ಎರಡು ಮೂರು ಸೆಂಟಿಮೀಟರ್ ಅಂತರದಲ್ಲಿ ಮಾತ್ರ ಚಿತ್ರ ಸ್ಫುಟವಾಗುವುದರಿಂದ ಪರದೆಯನ್ನು ಒತ್ತುತ್ತ ಕೂರುವ ಬದಲು, ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು, ಇಡೀ ಮೈಯನ್ನು ಕೂದಲೆಳೆಯಷ್ಟು ಹಿಂದೆಮುಂದೆ ಮಾಡುತ್ತ ಸಾಲಾಗಿ ಹತ್ತಾರು ಚಿತ್ರ ತೆಗೆಯಿರಿ. ಅವುಗಳಲ್ಲಿ ಕಣ್ಣು ಸ್ಫುಟವಾಗಿ ಬಂದದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಅಳಿಸಿ. ಕಣ್ಣು ಮಸುಕಾಗಿದ್ದರೆ ರೆಕ್ಕೆ ಎಷ್ಟು ಚೆನ್ನಾಗಿದ್ದರೂ ಆ ಚಿತ್ರ ಹೋಯಿತೆಂದೇ ಲೆಕ್ಕ.

ಗಾಳಿಗೆ ಔಷಧ ಬೆಳಗಿನ ಹೊತ್ತು. ಸೂರ್ಯ ಏರುವ ಮೊದಲು, ಆರೂವರೆಯಿಂದ ಎಂಟರವರೆಗೆ, ಗಾಳಿ ಬೀಸುವುದಿಲ್ಲ; ಮೈ ಬೆಚ್ಚಗಾಗದ ಚಿಟ್ಟೆ, ಏರೋಪ್ಲೇನ್ ಚಿಟ್ಟೆಗಳು ಕುಳಿತಲ್ಲೇ ಇರುತ್ತವೆ. ಬಟ್ಟೆ ಒಣಹಾಕುವ ಕ್ಲಿಪ್ಪೊಂದನ್ನು ಕೋಲಿಗೆ ಕಟ್ಟಿ ನೆಲಕ್ಕೆ ಊರಿ ಅಲುಗಾಡುವ ಕಡ್ಡಿಯನ್ನು ಅದರಲ್ಲಿ ಹಿಡಿಸಬಹುದು. ಕೆಲವರು ಕೀಟವನ್ನು ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸಿ ಚಿತ್ರ ತೆಗೆಯುತ್ತಾರೆ. ಅದನ್ನು ನಾನು ಚಿತ್ರವೆಂದು ಪರಿಗಣಿಸುವುದಿಲ್ಲ.

ಮನೆಯಲ್ಲಿ ಹಳೆಯ ಕ್ಯಾಮೆರಾದ 50 ಮಿಲಿಮೀಟರ್ ಲೆನ್ಸ್ ಬಿದ್ದಿದ್ದರೆ ಅದನ್ನು ಎಸೆಯಬೇಡಿ. ಮುಂದೆ ಕ್ಯಾಮೆರಾ ಕೊಂಡಾಗ ಅದೇ ಲೆನ್ಸನ್ನು ತಿರುಗುಮುರುಗಾಗಿ, ರಿವರ್ಸ್ ರಿಂಗ್ ಎಂಬ ಬಳೆಯ ಮೂಲಕ ಸಿಕ್ಕಿಸಿದರೆ ಹೆಚ್ಚುಕಡಿಮೆ ಕೀಟದ ನಿಜಗಾತ್ರದ ಚಿತ್ರ ಸಿಗುತ್ತದೆ. ದ್ಯುತಿರಂಧ್ರವನ್ನು, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯನ್ನು, ಎಫ್ 8ರಿಂದ 11ರ ನಡುವೆ ಇಟ್ಟು, ಫ್ಲ್ಯಾಶಿನ ಎದುರು ಬಿಳಿಯ ತೆಳು ಥರ್ಮೊಕೋಲನ್ನೋ ಬಟರ್ ಪೇಪರನ್ನೋ ಹಿಡಿದರೆ ಬೆಳಕು ಮೃದುವಾಗುತ್ತದೆ, ದುಂಬಿಯ ಬೆನ್ನಿನ ಮೇಲೆ ಬಿಳಿಯ ಬೊಟ್ಟು ಹೊಳೆಯುವುದಿಲ್ಲ. ಆದರೆ ಅದೆಲ್ಲ ಮುಂದಿನ ಮಾತು.

ಪ್ರಶ್ನೆ: ಬೇಸಿಗೆಯ ಮೊದಲ ಮಳೆ ಬಿದ್ದೊಡನೆ ನಮ್ಮ ಮನೆಯ ಮಾಡಿಗೆ ಲಕ್ಷಗಟ್ಟಲೆ ಕಪ್ಪು ಹುಳುಗಳು ಬಂದು ಸೇರುತ್ತವೆ. ಮುಟ್ಟಿದರೆ ವಾಸನೆ, ಮೈಮೇಲೆ ಬಿದ್ದಲ್ಲಿ ಉರಿ. ಚಿತ್ರ ತೆಗೆಯುವ ಉತ್ಸಾಹ ನನಗಿಲ್ಲ, ಓಡಿಸುವ ದಾರಿ ಹೇಳಿ.
– ಕೃಷಿಕರು, ಬಂದಡ್ಕ

ಉತ್ತರ: ಮಲಯಾಳದಲ್ಲಿ ಮುಪ್ಲಿ ವಂಡು ಎಂದು ಕರೆಯುವ ದುಂಬಿ ಇದು. ನಿಮ್ಮ ಪತ್ರದಲ್ಲಿ ಮನೆಯ ಹಿಂದೆ ರಬ್ಬರ್ ತೋಟವಿದೆ ಎಂದು ಬರೆದಿರುವ ಸಾಲೇ ಉತ್ತರದ ಅರ್ಧ. ರಬ್ಬರ್ ಮರಗಳ ಉದುರಿದ ಎಲೆಗಳೇ ಇವುಗಳ ಆಹಾರ ಮತ್ತು ತೊಟ್ಟಿಲು. ಮರ ಎಲೆ ಉದುರಿಸುವ ಕಾಲದಲ್ಲಿ ತರಗೆಲೆಯ ಅಡಿಯಲ್ಲಿ ಬೆಳೆದು, ಬೇಸಿಗೆ ಮಳೆ ಬಿದ್ದ ಸಂಜೆ ಬೆಳಕನ್ನು ಕಂಡು ಹಾರಿಬಂದು, ಮಾಡಿನ ಸಂದುಗಳಲ್ಲಿ ತಿಂಗಳುಗಟ್ಟಲೆ ತಿನ್ನದೆ ಉಣ್ಣದೆ ಮಳೆಗಾಲವನ್ನು ನಿದ್ದೆಯಲ್ಲಿ ಕಳೆಯುತ್ತವೆ. ಹೆದರಿದಾಗ ಮಾತ್ರ ಉರಿಸುವ ದ್ರವವನ್ನು ಬಿಡುತ್ತವೆ. ಆದ್ದರಿಂದ ಕೈಯಿಂದ ಒರೆಸುವುದು, ಕಾಲಿನಿಂದ ತಿಕ್ಕುವುದು ಬೇಡ.

ಆ ಕೆಲವು ಸಂಜೆಗಳಲ್ಲಿ ಅಂಗಳದ ಮತ್ತು ಜಗಲಿಯ ದೀಪವನ್ನು ಆರಿಸಿ, ಮನೆಯಿಂದ ದೂರದಲ್ಲಿ ಒಂದು ದೀಪವನ್ನು ಸಾಬೂನು ನೀರಿನ ಅಗಲ ಪಾತ್ರೆಯ ಮೇಲೆ ತೂಗುಹಾಕಿ. ಒಳಗೆ ಬಂದವನ್ನು ಕಸಬರಿಕೆಯಿಂದ ಗುಡಿಸಿ ಅದೇ ನೀರಿಗೆ ಹಾಕಿ. ಮನೆಗೆ ತಾಗಿದ ತೋಟದ ತರಗೆಲೆಯನ್ನು ಮಳೆಗೆ ಮೊದಲೇ ಒಟ್ಟುಮಾಡಿ ದೂರ ಸಾಗಿಸಿದರೆ ಕಾಟ ಕಡಿಮೆಯಾಗುತ್ತದೆ. ಮಲಗುವ ಕೋಣೆಯ ಮಾಡಿಗೆ ಕೀಟನಾಶಕ ಹೊಡೆಯುವ ಯೋಚನೆಯನ್ನೂ ನೀವು ಬರೆದಿದ್ದೀರಿ. ಗೇರು ತೋಟದ ಟೀ ಸೊಳ್ಳೆ ಎಂಬ ತಿಗಣೆಯನ್ನು ಕೊಲ್ಲಲೆಂದು 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಜಿಲ್ಲೆ ನಮ್ಮದು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಾದ್ಯಂತ ನಿಲ್ಲಿಸಿತು. ಇದಕ್ಕಿಂತ ಹೆಚ್ಚು ಹೇಳಲು ನನಗೆ ಮನಸ್ಸಿಲ್ಲ.

ಪ್ರಶ್ನೆ: ರಾತ್ರಿ ನಮ್ಮ ಸಿಟೌಟಿನ ಗೋಡೆಗೆ ಅಂಗೈಗಿಂತ ದೊಡ್ಡ ಪತಂಗವೊಂದು ಬಂದು ಕುಳಿತಿತ್ತು, ರೆಕ್ಕೆಯ ತುದಿ ಹಾವಿನ ತಲೆಯಂತಿತ್ತು. ಅಪಶಕುನವೆಂದು ಅತ್ತೆಯವರು ಹೆದರಿದ್ದಾರೆ. ಅದರ ಪುಡಿ ವಿಷವೆ?
– ಓದುಗರು, ಕುಂಬಳೆ

ಉತ್ತರ: ಅತ್ತೆಯವರಿಗೆ ಧೈರ್ಯ ಹೇಳಿ. ಅದು ಅಟ್ಲಾಸ್ ಪತಂಗ, ಪಶ್ಚಿಮ ಘಟ್ಟದ ಸೆರಗಿನ ಊರುಗಳಿಗೆ ಹೊಸ ಅತಿಥಿಯಲ್ಲ. ಪುಡಿಯೆಂದರೆ ರೆಕ್ಕೆಯ ಹೊಟ್ಟು, ವಿಷವಿಲ್ಲ. ಕಚ್ಚಲು ಅದಕ್ಕೆ ಬಾಯಿಯೇ ಬೆಳೆದಿರುವುದಿಲ್ಲ. ಹುಳುವಾಗಿದ್ದಾಗ ತಿಂದು ಕೂಡಿಟ್ಟ ಕೊಬ್ಬಿನ ಮೇಲೆ ಒಂದೆರಡು ವಾರ ಬದುಕಿ, ಜೊತೆಗೂಡಿ, ಮೊಟ್ಟೆಯಿಟ್ಟು ಮುಗಿಯುತ್ತದೆ. ಮೀಸೆ ಅಗಲವಾದ ಹಕ್ಕಿಗರಿಯಂತಿದ್ದರೆ ಗಂಡು, ತೆಳುವಾಗಿದ್ದರೆ ಹೆಣ್ಣು.

ಚಿತ್ರ ತೆಗೆದಾದ ಮೇಲೆ ದೀಪವನ್ನು ಆರಿಸುವುದು ಅದಕ್ಕೆ ಮಾಡುವ ಉಪಕಾರ. ಕೀಟಗಳು ಬೆಳಕಿಗೆ ಮೋಹಗೊಂಡು ಬರುತ್ತವೆ ಎಂದು ನಾವು ಹೇಳುವುದುಂಟು. 2024ರಲ್ಲಿ ನೇಚರ್ ಕಮ್ಯುನಿಕೇಷನ್ಸ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಹಾರಾಟವನ್ನು ವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದು ಬೇರೆಯೇ ಕಾರಣವನ್ನು ತೋರಿಸಿತು. ರಾತ್ರಿ ಆಕಾಶವೇ ನೆಲಕ್ಕಿಂತ ಬೆಳಗಿರುವುದರಿಂದ, ಬೆಳಕಿರುವ ಕಡೆಗೆ ಬೆನ್ನು ಮಾಡಿ ಹಾರಿದರೆ ಮೈ ನೆಟ್ಟಗಿರುತ್ತದೆ ಎಂಬುದು ಕೀಟದ ಹಳೆಯ ಲೆಕ್ಕ. ಪಕ್ಕದಲ್ಲಿ ಬಲ್ಬು ಉರಿಯುತ್ತಿದ್ದರೆ ಅದರ ಕಡೆಗೆ ಬೆನ್ನು ತಿರುಗಿಸಿ ತಿರುಗಿಸಿ, ಅದರ ಸುತ್ತಲೇ ಸಿಕ್ಕಿಹಾಕಿಕೊಳ್ಳುತ್ತದೆ. ನಿಮ್ಮ ಪತಂಗ ಬಂದದ್ದು ಶಕುನ ಹೇಳಲಲ್ಲ, ದಾರಿ ತಪ್ಪಿ.

ಪ್ರಶ್ನೆ: ಕರಿಬೇವಿನ ಗಿಡವನ್ನು ಹಸಿರು ಹುಳುಗಳು ಬೋಳು ಮಾಡುತ್ತಿವೆ. ಚಿಟ್ಟೆಯ ಮರಿಗಳೆಂದು ಮಗ ತೆಗೆಯಲು ಬಿಡುವುದಿಲ್ಲ. ಯಾರ ಪಕ್ಷ ಸರಿ?
– ಓದುಗರು, ಪೆರ್ಲ

ಉತ್ತರ: ಸಾರಿಗೆ ಒಗ್ಗರಣೆ ಬೇಕಾದವರ ಪಕ್ಷವೂ ಸರಿ, ಮಗನ ಪಕ್ಷವೂ ಸರಿ. ಕರಿಬೇವು, ನಿಂಬೆ, ಜುಮ್ಮನಕಾಯಿ ಒಂದೇ ಕುಟುಂಬದವು. ಈ ಕುಟುಂಬದ ಎಲೆಗಳನ್ನೇ ನೆಚ್ಚಿದ ಚಿಟ್ಟೆಗಳು ಹಲವಿವೆ. ಕೇರಳ 2018ರಲ್ಲಿ ರಾಜ್ಯದ ಚಿಟ್ಟೆಯೆಂದು ಘೋಷಿಸಿದ ಬುದ್ಧಮಯೂರಿಯ ಮರಿ ಬೆಳೆಯುವುದು ಜುಮ್ಮನಕಾಯಿ ಮರದಲ್ಲಿ. ನಿಮ್ಮ ಗಿಡದವು ಅದಕ್ಕಿಂತ ಸಾಮಾನ್ಯವಾದ, ಕಪ್ಪು ರೆಕ್ಕೆಯ ಚಿಟ್ಟೆಯವು. ಹುಳುಗಳನ್ನು ಎಲೆಯ ಸಮೇತ ಕತ್ತರಿಸಿ ನಿಂಬೆ ಗಿಡಕ್ಕೆ ದಾಟಿಸಬಹುದು. ಎರಡು ಹುಳುಗಳನ್ನು ಮಾತ್ರ ಕರಿಬೇವಿನಲ್ಲೇ ಉಳಿಸಿ, ಪ್ರತಿದಿನ ಒಂದೇ ಹೊತ್ತಿಗೆ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯವಿಟ್ಟು ಮಗನಿಂದ ಚಿತ್ರ ತೆಗೆಸಿ. ಮೊದಮೊದಲು ಹಕ್ಕಿಯ ಹಿಕ್ಕೆಯಂತೆ ಕಾಣುತ್ತಿದ್ದದ್ದು ಕೊನೆಯ ಪೊರೆ ಕಳಚಿದ ದಿನ ಇದ್ದಕ್ಕಿದ್ದಂತೆ ಹಸಿರಾಗುವುದನ್ನು, ಕೆಣಕಿದರೆ ತಲೆಯ ಹಿಂದಿನಿಂದ ಕೆಂಪು ಕವಲುಕೊಂಬೊಂದು ಹೊರಚಾಚಿ ಹುಳಿವಾಸನೆ ಬರುವುದನ್ನು, ಸೊಂಟಕ್ಕೆ ರೇಷ್ಮೆಯ ಉಡಿದಾರ ಕಟ್ಟಿಕೊಂಡು ಕೋಶವಾಗುವುದನ್ನು ಅವನು ಒಂದು ತಿಂಗಳೊಳಗೆ ಕಾಣುತ್ತಾನೆ. ಕೋಶದಿಂದ ಚಿಟ್ಟೆಯ ಬದಲು ಸಣ್ಣ ಕಣಜಗಳು ಹೊರಬಂದರೆ ಅಳಬಾರದೆಂದು ಮೊದಲೇ ಹೇಳಿರಿ.

ಪ್ರಶ್ನೆ: ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಬರುತ್ತದೆ. ಏನು ಮಾಡಲಿ?
– ಓದುಗರು, ಉಪ್ಪಳ

ಉತ್ತರ: ಚರ್ಮದ ಚೀಲದಲ್ಲಿಡಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಟ್ಟು, ಬಣ್ಣ ಬದಲಾದಾಗ ಆ ಹರಳುಗಳನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿಮಾಡಿ ಮತ್ತೆ ಬಳಸಿ. ವಾರಕ್ಕೊಮ್ಮೆ ಹೊರತೆಗೆದು ಉಪಯೋಗಿಸುವ ಲೆನ್ಸಿಗೆ ಬೂಷ್ಟು ಬರುವುದು ಕಡಿಮೆ.

ಪ್ರಶ್ನೆ: ನಮ್ಮ ಮುರಕಲ್ಲಿನ ಗೋಡೆಯ ಸಂದಿನಲ್ಲಿ ಮುಜಂಟಿ ಜೇನಿದೆ. ನೊಣಗಳು ತೀರ ಸಣ್ಣವು, ವೇಗವೂ ಹೆಚ್ಚು. ಚಿತ್ರ ತೆಗೆಯಲು ಸಾಧ್ಯವೆ?
– ಓದುಗರು, ಮಂಜೇಶ್ವರ

ಉತ್ತರ: ಸಾಧ್ಯವಿದೆ, ಅದಕ್ಕೆ ಬೇಕಾದ ಏರ್ಪಾಡನ್ನು ಅವೇ ಮಾಡಿಕೊಟ್ಟಿವೆ. ಗೋಡೆಯಿಂದ ಹೊರಚಾಚಿದ ಮಯಣದ ಕೊಳವೆಯ ಬಾಯಿಯಲ್ಲಿ ಐದಾರು ಕಾವಲು ನೊಣಗಳು ತಲೆ ಹೊರಗಿಟ್ಟು ನಿಂತಿರುತ್ತವೆ. ಅವು ಅಲುಗಾಡುವುದಿಲ್ಲ; ಫೋಕಸ್ ಅವುಗಳ ಮೇಲಿರಲಿ. ಹಿಂಗಾಲಿನಲ್ಲಿ ಪರಾಗದ ಉಂಡೆ ಹೊತ್ತು ಬಂದ ನೊಣ ಒಳನುಗ್ಗುವ ಮೊದಲು ಕೊಳವೆಯ ಎದುರು ಗಾಳಿಯಲ್ಲಿ ಒಂದು ಕ್ಷಣ ನಿಂತಂತೆ ತೂಗಾಡುತ್ತದೆ. ಗುಂಡಿ ಒತ್ತಬೇಕಾದದ್ದು ಆಗ. ಅಡಿಕೆ ಹಿಂಗಾರ ಅರಳಿದ ದಿನಗಳಲ್ಲಿ ಬೆಳಗ್ಗೆ ಎಂಟರಿಂದ ಹತ್ತರವರೆಗೆ ಓಡಾಟ ಹೆಚ್ಚಿರುತ್ತದೆ. ಮುಜಂಟಿಗೆ ಮುಳ್ಳಿಲ್ಲವೆಂಬ ಧೈರ್ಯದಿಂದ ಲೆನ್ಸನ್ನು ಕೊಳವೆಗೆ ತಾಗಿಸಬೇಡಿ: ಬಾಯಿಯ ಅಂಚು ಹಲಸಿನ ಮೇಣದಂತೆ ಅಂಟುತ್ತದೆ. ನನ್ನ ಲೆನ್ಸಿನ ಸುತ್ತುಪಟ್ಟಿಗೆ ಮೂರು ವರ್ಷಗಳ ಹಿಂದೆ ತಾಗಿದ ಕಲೆ ತೆಂಗಿನೆಣ್ಣೆ ಹಚ್ಚಿ ಉಜ್ಜಿದರೂ ಹೋಗಿಲ್ಲ, ಬಿಸಿಲಿಗೆ ಹಿಡಿದರೆ ಇಂದಿಗೂ ಸಣ್ಣಗೆ ಧೂಪದ ವಾಸನೆ ಬರುತ್ತದೆ.